ಶನಿವಾರ ಸೋಲು, ಭಾನುವಾರವೂ ಸೋಲು

ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಐಪಿಎಲ್ ಫೈನಲ್‌ನಲ್ಲಿ ಮೊದಲ ಸಲ ಸೋತದ್ದು 2009ರ ಮೇ 24ರಂದು, ಅದು ಭಾನುವಾರ. ಎರಡನೆಯ ಸಲ 2011ರ ಮೇ 28, ಶನಿವಾರ. ಮೂರನೆಯ ಸಲ 2016ರ ಮೇ 29, ಮತ್ತೆ ಭಾನುವಾರ. ಫುಟ್‌ಬಾಲ್ ಕಡೆ ನೋಡಿದರೆ, ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ ಫೈನಲ್ ಸೋತ ಮೂರು ದಿನಗಳೂ, ಅಂದರೆ 2018ರ ಮಾರ್ಚ್ 17, 2023ರ ಮಾರ್ಚ್ 18 ಮತ್ತು 2025ರ ಏಪ್ರಿಲ್ 12, ಶನಿವಾರಗಳೇ. ಏಕದಿನ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಎರಡು ಸಲ ಸೋತಿದೆ. 2003ರ ಮಾರ್ಚ್ 23, 2023ರ ನವೆಂಬರ್ 19. ಎರಡೂ ಭಾನುವಾರ.

ಟಿ.ವಿ.ಯವರಿಗೆ ಜನ ಮನೆಯಲ್ಲಿರುವ ದಿನ ಬೇಕು. ಆದ್ದರಿಂದ ದೊಡ್ಡ ಪಂದ್ಯಗಳು ವಾರದ ಕೊನೆಗೇ ಬರುತ್ತವೆ, ಅದರ ಜೊತೆಗೆ ದೊಡ್ಡ ಸೋಲುಗಳೂ. ಬೆಂಗಳೂರಿನಲ್ಲಿರುವವರಿಗೆ ಇದು ಅಷ್ಟು ತಟ್ಟಲಿಕ್ಕಿಲ್ಲ. ಆಲೂರಿನಿಂದ ಬಾಳ್ಳುಪೇಟೆ ದಾಟಿ ಸಕಲೇಶಪುರಕ್ಕೆ ಬಂದು, ಅಲ್ಲಿಂದ ಹಾನುಬಾಳು, ಹೆತ್ತೂರು, ಯಸಳೂರುಗಳ ಕಡೆ ಹರಡಿಕೊಳ್ಳುವ ಈ ಬೆಟ್ಟಸಾಲಿನಲ್ಲಿ ಮಾತ್ರ ವಾರದ ಲೆಕ್ಕ ಬೇರೆ. ಇಲ್ಲಿ ಆರು ದಿನ ತೋಟ, ಒಂದು ದಿನ ಮನೆ. ಹಾಸನದಲ್ಲಿ, ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿರುವ ಮಕ್ಕಳು ಬಟ್ಟೆಗಂಟು ಹೊತ್ತುಕೊಂಡು ಮನೆಗೆ ಬರುವುದು ಶನಿವಾರ ಸಂಜೆ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವವರು ಊರ ಕಡೆ ಮುಖ ಮಾಡುವುದೂ ಆಗಲೇ. ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವ ಹೊತ್ತು ವಾರಕ್ಕೆ ಒಂದೇ ಸಲ ಸಿಗುತ್ತದೆ. ಆ ಹೊತ್ತನ್ನು ಒಂದು ತಂಡಕ್ಕೆ ಕೊಟ್ಟು, ಆ ತಂಡ ಸೋತರೆ, ಹೋಗುವುದು ಬರೀ ಒಂದು ಪಂದ್ಯವಲ್ಲ. ಮರುದಿನ ಬೆಳಗ್ಗೆ ತೋಟದ ರೈಟರ್ ಹಾಜರಿಯ ಚೆಕ್‌ರೋಲ್ ಹಿಡಿದು ನಿಂತಿರುತ್ತಾನೆ, ಹುಡುಗರು ಬಸ್ಸಿಗೆ ಓಡುತ್ತಾರೆ, ಮನೆ ಖಾಲಿಯಾಗುತ್ತದೆ. ದುಃಖ ಹಂಚಿಕೊಳ್ಳಲು ಮತ್ತೆ ಆರು ದಿನ ಕಾಯಬೇಕು.

ಐಪಿಎಲ್ ಶುರುವಾಗುವ ಕಾಲವೂ ನಮ್ಮಲ್ಲಿ ಸುಮ್ಮನೆ ಕೂರುವ ಕಾಲವಲ್ಲ. ಕಾಫಿ ಗಿಡಕ್ಕೆ ಹೂಮಳೆ ಬಿದ್ದಿರಬೇಕು, ಹೂ ಕಚ್ಚಿದ ಮೇಲೆ ಬ್ಯಾಕಿಂಗ್ ಮಳೆ ಬರಬೇಕು. ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು ಹೊರಬೇಕು. ಮಾರ್ಚ್, ಏಪ್ರಿಲ್ ತಿಂಗಳ ಸಂಜೆ ಇಲ್ಲಿನ ಬೆಳೆಗಾರ ಒಂದು ಕಣ್ಣು ಪಡುವಣದ ಮೋಡದ ಮೇಲೆ, ಒಂದು ಕಣ್ಣು ಸ್ಕೋರಿನ ಮೇಲೆ ಇಟ್ಟಿರುತ್ತಾನೆ. ಮಳೆ ಬಂದರೆ ಗಿಡ ಬದುಕುತ್ತದೆ, ಆದರೆ ಕರೆಂಟು ಹೋಗುತ್ತದೆ, ಡಿಶ್ ಸಿಗ್ನಲ್ಲೂ ಹೋಗುತ್ತದೆ. ಆಗ ಮೊಬೈಲ್ ಹಿಡಿದು ಸಿಗ್ನಲ್ ಸಿಗುವ ದಿಣ್ಣೆಗೆ ಕಾಲೇಜು ಹುಡುಗರು ಕೊಡೆ ಹಿಡಿದು ಹತ್ತುತ್ತಾರೆ. ಇಷ್ಟೆಲ್ಲ ಪಡಿಪಾಟಲು ಪಟ್ಟು ನೋಡಿದ ಪಂದ್ಯ ಸೋತರೆ ಊಟ ಸೇರದೆ ಮಲಗುವ ಹುಡುಗನಿಗೆ ಮನೆಯ ಹಿರಿಯರು ಹೇಳುವ ಮಾತು ಒಂದೇ: ‘ಅವರಿಗೆ ಕೋಟಿಗಟ್ಟಲೆ ದುಡ್ಡು ಬರುತ್ತೆ, ನಿನಗೇನು ಬರುತ್ತೆ?’

ಈ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಬರುವುದಿಲ್ಲ ಎನ್ನುವುದೇ ಆ ದುಃಖದ ಶುದ್ಧಿ. ಅಭಿಮಾನಿಗೆ ಸಂಬಳವಿಲ್ಲ, ಗುತ್ತಿಗೆಯಿಲ್ಲ, ಮುಂದಿನ ಹರಾಜಿನಲ್ಲಿ ಬೇರೆ ತಂಡಕ್ಕೆ ಹೋಗುವ ದಾರಿಯೂ ಇಲ್ಲ. ಹದಿನೆಂಟು, ಹತ್ತೊಂಬತ್ತರ ವಯಸ್ಸಿನಲ್ಲಿ, ತನ್ನದಲ್ಲದ ಒಂದಕ್ಕಾಗಿ ಮನಸ್ಸು ನೋಯಿಸಿಕೊಳ್ಳಲು ಕಲಿಯುವುದು ಸಣ್ಣ ವಿಷಯವಲ್ಲ. ಹಾಸನ ಜಿಲ್ಲೆಯವರಾದ ನಮಗೆ ಅದನ್ನು ಕಲಿಸಿದ ಒಬ್ಬ ಆಟಗಾರರೂ ಇದ್ದಾರೆ.

ಜಾವಗಲ್ ಇರುವುದು ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ, ಬಯಲುಸೀಮೆಯ ಕಡೆ. ವೇಗದ ಬೌಲರ್ ಜಾವಗಲ್ ಶ್ರೀನಾಥ್ ಹುಟ್ಟಿ ಬೆಳೆದದ್ದು, ಎಂಜಿನಿಯರಿಂಗ್ ಓದಿದ್ದು ಮೈಸೂರಿನಲ್ಲಿ. ಆದರೆ ಹೆಸರಿನ ಮುಂದೆ ಊರು ಇಟ್ಟುಕೊಂಡೇ ಜಗತ್ತು ಸುತ್ತಿದರು. ಮಲೆನಾಡಿನ ಈ ತುದಿಯಲ್ಲಿದ್ದ ನಮಗೂ ಅವರು ನಮ್ಮ ಜಿಲ್ಲೆಯವರೇ. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಮೇಲೆ ನಡೆದ ಟೆಸ್ಟ್ ನೆನಪಿಸಿಕೊಳ್ಳಿ. ಮೊದಲ ಬೆಳಗ್ಗೆ ಶ್ರೀನಾಥ್ ಮತ್ತು ವೆಂಕಟೇಶ್ ಪ್ರಸಾದ್ ಸೇರಿ ಪಾಕಿಸ್ತಾನವನ್ನು 26 ರನ್ನಿಗೆ 6 ವಿಕೆಟ್ ಎನ್ನುವ ಸ್ಥಿತಿಗೆ ತಂದಿಟ್ಟರು. ಆ ಇನಿಂಗ್ಸ್‌ನಲ್ಲಿ ಶ್ರೀನಾಥ್‌ಗೆ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8. ಒಂದು ಟೆಸ್ಟ್‌ನಲ್ಲಿ 132 ರನ್ ಕೊಟ್ಟು 13 ವಿಕೆಟ್. ಆದರೂ ಭಾರತ 46 ರನ್ನಿನಿಂದ ಸೋತಿತು. ಸಚಿನ್ ತೆಂಡೂಲ್ಕರ್ ರನ್ ಔಟ್ ಆದ ಮೇಲೆ ಎದ್ದ ಗಲಾಟೆ ಆರಲಿಲ್ಲ. ಕೊನೆಯ ದಿನ ಪ್ರೇಕ್ಷಕರನ್ನು ಹೊರಗೆ ಕಳಿಸಿ ಖಾಲಿ ಮೈದಾನದಲ್ಲಿ ಆಟ ಮುಗಿಸಬೇಕಾಯಿತು. ಅದು ಫೆಬ್ರುವರಿ 20, ಶನಿವಾರ. ಬದುಕಿನ ಅತ್ಯುತ್ತಮ ಬೌಲಿಂಗ್ ಮಾಡಿದವನ ಪಾಲಿಗೆ ಸಿಕ್ಕಿದ್ದು ಸೋಲು ಮತ್ತು ಖಾಲಿ ಕುರ್ಚಿಗಳು. ಆ ಶನಿವಾರ ನಮ್ಮ ಜಿಲ್ಲೆಯಲ್ಲಿ ಬೇಸರಪಟ್ಟವರೆಲ್ಲ ಸಿಟ್ಟಿನಲ್ಲಿ ಕುರ್ಚಿ ಮುರಿದವರಲ್ಲ. ಹದಿಮೂರು ವಿಕೆಟ್ ಹೀಗೆ ವ್ಯರ್ಥವಾಯಿತಲ್ಲ ಎಂದು ಮರುಗಿದವರು.

ನಾಲ್ಕು ವರ್ಷದ ನಂತರ ಜೋಹಾನ್ಸ್‌ಬರ್ಗ್. 2003ರ ವಿಶ್ವಕಪ್ ಸೂಪರ್ ಸಿಕ್ಸ್ ಹಂತದಲ್ಲಿ ಅಲ್ಲಿನ ವಾಂಡರರ್ಸ್ ಮೈದಾನದಲ್ಲಿ ಶ್ರೀಲಂಕಾ ವಿರುದ್ಧ ಶ್ರೀನಾಥ್ 35 ರನ್ನಿಗೆ 4 ವಿಕೆಟ್ ಕಿತ್ತಿದ್ದರು. ಹದಿಮೂರು ದಿನದ ಬಳಿಕ ಅದೇ ಮೈದಾನದಲ್ಲಿ ಫೈನಲ್. ಆಸ್ಟ್ರೇಲಿಯಾ 2 ವಿಕೆಟ್‌ಗೆ 359, ರಿಕಿ ಪಾಂಟಿಂಗ್ ಔಟಾಗದೆ 140. ಶ್ರೀನಾಥ್ 10 ಓವರ್, 87 ರನ್, ವಿಕೆಟ್ ಇಲ್ಲ. ಭಾರತ 234ಕ್ಕೆ ಮುಗಿಯಿತು. 315 ಏಕದಿನ ವಿಕೆಟ್, 236 ಟೆಸ್ಟ್ ವಿಕೆಟ್ ಪಡೆದವರ ಕೊನೆಯ ಏಕದಿನ ಪಂದ್ಯ ಆ ಭಾನುವಾರವೇ. ಆಗ ಪಿಯುಸಿ, ಡಿಗ್ರಿ ಓದುತ್ತಿದ್ದ ನಮ್ಮ ಪೀಳಿಗೆಗೆ ಪರೀಕ್ಷೆಯ ದಿನಗಳು. ಪುಸ್ತಕ ಮಡಚಿಟ್ಟು ನೋಡಿದ ಆ ಹತ್ತು ಓವರ್‌ಗಳನ್ನು ಮರೆತವರನ್ನು ನಾನು ಇಲ್ಲಿ ಕಂಡಿಲ್ಲ. ಆದರೆ ‘ಶ್ರೀನಾಥ್‌ನಿಂದ ಸೋತೆವು’ ಎಂದವರನ್ನೂ ನಮ್ಮ ಕಡೆ ಕಂಡಿಲ್ಲ. ಅದು ನನಗೆ ಹೆಮ್ಮೆಯ ವಿಷಯ.

ಅದೇ ವಾಂಡರರ್ಸ್‌ಗೆ 2009ರಲ್ಲಿ ಐಪಿಎಲ್ ಫೈನಲ್ ಬಂತು. ಲೋಕಸಭೆ ಚುನಾವಣೆಯ ಕಾರಣ ಆ ವರ್ಷ ಟೂರ್ನಿ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಬೆಂಗಳೂರು ತಂಡಕ್ಕೆ ಅನಿಲ್ ಕುಂಬ್ಳೆ ನಾಯಕ. ಮೊದಲ ಓವರ್‌ನಲ್ಲೇ ಆಡಂ ಗಿಲ್‌ಕ್ರಿಸ್ಟ್ ಅವರನ್ನು ಸೊನ್ನೆಗೆ ಔಟ್ ಮಾಡಿ, ಒಟ್ಟು 16 ರನ್ನಿಗೆ 4 ವಿಕೆಟ್ ಪಡೆದರು. ಡೆಕ್ಕನ್ ಚಾರ್ಜರ್ಸ್ 143. ಕೊನೆಯ ಓವರ್‌ಗೆ 15 ರನ್ ಬೇಕಿತ್ತು, ಬಂದದ್ದು 8. ಆರು ರನ್ನಿನಿಂದ ಸೋತೆವು. ಆ ತಂಡದಲ್ಲಿ ಕುಂಬ್ಳೆ, ರಾಹುಲ್ ದ್ರಾವಿಡ್, ರಾಬಿನ್ ಉತ್ತಪ್ಪ, ಮನೀಶ್ ಪಾಂಡೆ, ವಿನಯ್ ಕುಮಾರ್ ಎಲ್ಲರೂ ಕರ್ನಾಟಕದವರೇ. ಮೂರು ದಿನ ಮೊದಲಷ್ಟೇ ಮನೀಶ್ ಪಾಂಡೆ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯನಾಗಿದ್ದರು. ಆದ್ದರಿಂದಲೇ ಆ ಸೋಲು ಇನ್ನೂ ಹೆಚ್ಚು ನೋಯಿಸಿತು. ಈಚಿನ ತಂಡಗಳಲ್ಲಿ ನಮ್ಮವರು ಅಷ್ಟಿಲ್ಲ.

ಎಂಟು ತಿಂಗಳು ಕಳೆಯುವುದರೊಳಗೆ ಅದೇ ಆರು ರನ್ ಮತ್ತೆ ಎದುರು ಬಂದು ನಿಂತಿತು. ಈ ಸಲ ದೂರದ ಮೈದಾನದಲ್ಲಲ್ಲ, ನಮ್ಮ ವಿಶ್ವವಿದ್ಯಾಲಯದ ಅಂಗಳದಲ್ಲೇ. 2009-10ರ ರಣಜಿ ಫೈನಲ್ ನಡೆದದ್ದು ಮೈಸೂರಿನ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್‌ನಲ್ಲಿ, 2010ರ ಜನವರಿ 11ರಿಂದ 14ರವರೆಗೆ. ಹಾಸನ ಜಿಲ್ಲೆಯ ಕಲೆ, ವಾಣಿಜ್ಯ, ವಿಜ್ಞಾನ ಪದವಿ ಕಾಲೇಜುಗಳು ಆಗ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹಾಸನಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಹಾಗಾಗಿ ಸಕಲೇಶಪುರದ ಬಿ.ಎ. ಹುಡುಗನಿಗೂ ಆ ಮೈದಾನ ತನ್ನ ಅಂಕಪಟ್ಟಿಯ ಮೇಲಿನ ಮುದ್ರೆಯಷ್ಟೇ ತನ್ನದು. ಅಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಂಥ ಕಾಂಕ್ರೀಟ್ ಸ್ಟ್ಯಾಂಡುಗಳಿಲ್ಲ. ಹುಲ್ಲಿನ ಏರು, ಸುತ್ತ ಮರ. ಆ ನಾಲ್ಕು ದಿನ ಏರಿನ ಮೇಲೆ ಜಾಗ ಸಾಲದೆ ಜನ ಮರ ಹತ್ತಿದ್ದರು.

ಮುಂಬೈ 233. ಕರ್ನಾಟಕ 130. ಅಲ್ಲಿಗೇ ಪಂದ್ಯ ಮುಗಿಯಿತು ಎಂದುಕೊಂಡವರಿದ್ದರು. ಎರಡನೆಯ ಇನಿಂಗ್ಸ್‌ನಲ್ಲಿ ಮುಂಬೈ 234. ಗೆಲ್ಲಲು 338 ಬೇಕು. ಮೊದಲ ಮೂರು ವಿಕೆಟ್ ಬೇಗ ಬಿದ್ದ ಮೇಲೆ ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ಇನ್ನೂರು ರನ್ ದಾಟಿದ ಜೊತೆಯಾಟ ಆಡಿದರು. ಮನೀಶ್ 144. ಗೆಲುವು ಕೈಗೆ ಬಂತು ಎನ್ನುವಾಗ ಅಜಿತ್ ಅಗರ್ಕರ್ ಐದು ವಿಕೆಟ್ ಕಿತ್ತರು. ಒಂದೊಂದು ರನ್ನಿಗೂ ಮೈದಾನ ಎದ್ದು ನಿಲ್ಲುತ್ತಿತ್ತು. ಕೊನೆಗೆ 331. ಆರು ರನ್ ಸೋಲು. ಅದು ವಾರಾಂತ್ಯವಲ್ಲ, ಗುರುವಾರ, ಸಂಕ್ರಾಂತಿ ಹಬ್ಬ. ರಜೆಯೆಂದು ಕಾಲೇಜು ಹುಡುಗರೆಲ್ಲ ಅಲ್ಲಿಗೇ ಹೋಗಿದ್ದರು. ಎಳ್ಳುಬೆಲ್ಲದ ದಿನ ಬಾಯಿ ಕಹಿಯಾಗಿ ಮೈಸೂರಿನಿಂದ ಹಾಸನದ ಬಸ್ಸು ಹಿಡಿದವರು ದಾರಿಯುದ್ದಕ್ಕೂ ಮಾತಾಡಲಿಲ್ಲ ಎಂದು ಅವರೇ ಹೇಳುವುದನ್ನು ಈಗಲೂ ಕೇಳಬಹುದು. ಕರ್ನಾಟಕದ ಕ್ರೀಡಾ ಇತಿಹಾಸದಲ್ಲಿ ನನ್ನ ಮಟ್ಟಿಗೆ ಅದೇ ದೊಡ್ಡ ಸೋಲು. ಐಪಿಎಲ್‌ನ ಮೂರು ಫೈನಲ್‌ಗಳನ್ನು ಒಟ್ಟಿಗೆ ಇಟ್ಟರೂ ಅದರ ತೂಕ ಬರುವುದಿಲ್ಲ. ಏಕೆಂದರೆ ಅಲ್ಲಿ ಆಡಿದವರು ನಮ್ಮವರು, ನೋಡಿದವರು ನಮ್ಮವರು, ನೆಲವೂ ನಮ್ಮದು.

ಆ ಸೋಲಿನ ನಂತರ ಏನಾಯಿತು ಎನ್ನುವುದೂ ಮುಖ್ಯ. ಎರಡೂ ಆರು ರನ್ ಸೋಲುಗಳಲ್ಲಿ ಇದ್ದ ವಿನಯ್ ಕುಮಾರ್ ನಾಯಕರಾಗಿ 2013-14ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಟ್ರೋಫಿ ಎತ್ತಿದರು. ಮರುವರ್ಷ ಮುಂಬೈನ ವಾಂಖೆಡೆಯಲ್ಲಿ ತಮಿಳುನಾಡನ್ನು ಇನಿಂಗ್ಸ್ ಮತ್ತು 217 ರನ್ನಿನಿಂದ ಸೋಲಿಸಿ ಮತ್ತೊಮ್ಮೆ. ಕರುಣ್ ನಾಯರ್ ಆ ಫೈನಲ್‌ನಲ್ಲಿ 328 ಹೊಡೆದರು. ದ್ರಾವಿಡ್ ಅವರದು ಇನ್ನೂ ಉದ್ದದ ದಾರಿ. 2003ರ ಭಾನುವಾರ ವಿಕೆಟ್ ಕೀಪರ್ ಆಗಿ ಸೋತರು, 2009ರ ಭಾನುವಾರ ಬೆಂಗಳೂರಿಗೆ ಆಡಿ ಸೋತರು, 2023ರ ಭಾನುವಾರ ಅಹಮದಾಬಾದಿನಲ್ಲಿ ತರಬೇತುದಾರರಾಗಿ ಸೋತರು. ಅಂದು ಭಾರತದ 240 ರನ್ನಿನಲ್ಲಿ ಹೆಚ್ಚು ಗಳಿಸಿದವರು ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್. 107 ಎಸೆತಕ್ಕೆ 66, ಒಂದೇ ಬೌಂಡರಿ. ಆ ನಿಧಾನಕ್ಕೆ ಊರೆಲ್ಲ ಬೈದರು. ಶಿರಾಡಿ ಘಾಟಿಯ ಮೇಲಿನವರಾದ ನಾವು, ಕೆಳಗಿನ ಹುಡುಗ ಎಂದಾದರೂ ಸ್ವಲ್ಪ ಸುಮ್ಮನಿರಬೇಕಿತ್ತು. ಟ್ರಾವಿಸ್ ಹೆಡ್ 137 ಹೊಡೆದು ಪಂದ್ಯವನ್ನು ಒಯ್ದದ್ದು ಬೇರೆ ಮಾತು. ಮುಂದಿನ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ 7 ರನ್ನಿನಿಂದ ಟಿ-20 ವಿಶ್ವಕಪ್ ಗೆದ್ದಾಗ ದ್ರಾವಿಡ್ ಕಿರುಚಿದ ರೀತಿ ನೋಡಿದವರಿಗೆ, ಇಪ್ಪತ್ತೊಂದು ವರ್ಷ ಆ ಮನುಷ್ಯ ಏನನ್ನು ಒಳಗೆ ಇಟ್ಟುಕೊಂಡಿದ್ದರು ಎಂದು ತಿಳಿಯಿತು. ಅದು ಶನಿವಾರ.

2016ರ ಐಪಿಎಲ್ ಫೈನಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರಿಗೂ ಬಾಯಿಪಾಠ. 209ರ ಗುರಿ, ಕ್ರಿಸ್ ಗೇಲ್ ಮತ್ತು ವಿರಾಟ್ ಕೊಹ್ಲಿ ಮೊದಲ ವಿಕೆಟ್‌ಗೆ 114, ಕೊನೆಗೆ 200ಕ್ಕೆ ನಿಂತಿತು. ಆ ಋತುವಿನಲ್ಲಿ ಕೊಹ್ಲಿ 973 ರನ್ ಹೊಡೆದಿದ್ದರು. ಸ್ವಂತ ಮೈದಾನ ಚಿನ್ನಸ್ವಾಮಿ, ಸ್ವಂತ ಜನ, ಎಂಟು ರನ್ ಕಡಿಮೆ.

ಆದರೆ ಚಿನ್ನಸ್ವಾಮಿಯ ಇನ್ನೊಂದು ಸೋಲಿನ ಬಗ್ಗೆ ಹೇಳಲೇಬೇಕು. 2019ರ ಜನವರಿ, ಸೌರಾಷ್ಟ್ರದ ವಿರುದ್ಧ ರಣಜಿ ಸೆಮಿಫೈನಲ್. ಚೇತೇಶ್ವರ ಪೂಜಾರ ಬ್ಯಾಟಿಗೆ ಚೆಂಡು ತಾಗಿದರೂ ಅಂಪೈರ್ ಔಟ್ ಕೊಡಲಿಲ್ಲ, ಪೂಜಾರ ಹೊರಡಲಿಲ್ಲ. ಭಾನುವಾರದ ಸಂಜೆಗೇ ಪಂದ್ಯ ಕೈಜಾರುತ್ತಿರುವುದು ಕಾಣುತ್ತಿತ್ತು. ಸೋಮವಾರ ಪೂಜಾರ ಔಟಾಗದೆ 131 ಹೊಡೆದು ಐದು ವಿಕೆಟ್‌ನಿಂದ ಗೆಲ್ಲಿಸಿದರು. ನಮ್ಮ ಪ್ರೇಕ್ಷಕರು ಅವರನ್ನು ‘ಮೋಸಗಾರ’ ಎಂದು ಕೂಗಿದರು. ಸೋಲಿನ ದುಃಖಕ್ಕೆ ನಾನು ಎಷ್ಟು ಗೌರವ ಕೊಡುತ್ತೇನೋ, ಆ ಕೂಗಿಗೆ ಅಷ್ಟೇ ನಾಚಿಕೆಪಡುತ್ತೇನೆ. ಔಟ್ ಕೊಡದೆ ಹೊರಡದ ಬ್ಯಾಟ್ಸ್‌ಮನ್‌ಗಳು ನಮ್ಮ ತಂಡದಲ್ಲೂ ಇದ್ದರು, ಇದ್ದಾರೆ. ದುಃಖಪಡುವ ಹಕ್ಕು ಅಭಿಮಾನಿಗೆ ಇದೆ, ಎದುರಾಳಿಯನ್ನು ಕೆಳಗಿಳಿಸುವ ಹಕ್ಕಿಲ್ಲ.

ಗೆಲುವೂ ಅಭಿಮಾನಿಯನ್ನು ಕಾಪಾಡುತ್ತದೆಂದು ಹೇಳಲಾಗದು. 2025ರ ಜೂನ್ 3ರಂದು ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ಮೇಲೆ ಗೆದ್ದದ್ದು ಆರು ರನ್ನಿನಿಂದಲೇ. ಹದಿನಾರು ವರ್ಷದ ಬಾಕಿ ತೀರಿತು ಎಂದು ಆ ರಾತ್ರಿ ಮಲೆನಾಡಿನ ಮೂಲೆಮೂಲೆಯಲ್ಲೂ ಪಟಾಕಿ ಸಿಡಿಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಬಹುಪಾಲು ಎಳೆಯರು. ನಮ್ಮ ಜಿಲ್ಲೆಯ ಮನೆಗೂ ಆ ದುಃಖ ಬಂತು. ತಂಡಕ್ಕಾಗಿ ಹದಿನೆಂಟು ಋತು ಕಾದ ಜನರನ್ನು ಒಂದು ಸಂಜೆ ಸುರಕ್ಷಿತವಾಗಿ ನಿಲ್ಲಿಸಿಕೊಳ್ಳಲು ನಮ್ಮ ವ್ಯವಸ್ಥೆಗೆ ಆಗಲಿಲ್ಲ. ಆ ದಿನದ ನಂತರ ‘ಕಪ್’ ಎನ್ನುವಾಗ ನನಗೆ ಮೊದಲು ನೆನಪಾಗುವುದು ಆ ಹನ್ನೊಂದು ಮನೆಗಳು.

ಇಷ್ಟೆಲ್ಲ ದೂರದ ತಂಡಗಳ ಕಥೆ. ಹತ್ತಿರದ ಕಥೆ ಬರೆಯುವವರು ಕಡಿಮೆ. ಕಳೆದ ಋತುವಿನ ಒಂದು ವಾರಾಂತ್ಯ, ನಾನು ಓದಿದ ಕಾಲೇಜಿನ ಹುಡುಗರ ಕಬಡ್ಡಿ ತಂಡ ಅಂತರಕಾಲೇಜು ಪಂದ್ಯದ ಮೊದಲ ಸುತ್ತಿನಲ್ಲೇ ಸೋತಿತು. ಅದೇ ಶನಿವಾರ ಹುಡುಗಿಯರ ಥ್ರೋಬಾಲ್ ತಂಡವೂ ಸೋತಿತು. ಭಾನುವಾರ ವಾಲಿಬಾಲ್: ಒಂದು ಸೆಟ್ ಗೆದ್ದು, ಒಂದು ಸೋತು, ಮೂರನೆಯದರಲ್ಲಿ ಮುಂದಿದ್ದು ಕೊನೆಗೆ ಕೈಬಿಟ್ಟರು. ಮೂರು ತಂಡ, ಎರಡು ದಿನ, ಮೂರು ಸೋಲು. ಕಬಡ್ಡಿ ಎಂದರೆ 20 ನಿಮಿಷದ ಎರಡು ಅವಧಿ. ನಾಕೌಟ್ ಆದ್ದರಿಂದ ಆ ಹುಡುಗರ ಪಾಲಿಗೆ ಇಡೀ ವರ್ಷವೇ ಆ ನಲವತ್ತು ನಿಮಿಷ. ಮೈದಾನದ ಬದಿಯಲ್ಲಿ ಅವರ ಪರವಾಗಿ ಕೂಗಲು ನಿಂತಿದ್ದವರು ಅವರದೇ ಬದಲಿ ಆಟಗಾರರು ಮತ್ತು ನಮ್ಮಂಥ ಒಬ್ಬಿಬ್ಬರು. ಎದುರಿನ ಕಾಲೇಜು ಊರಿನಲ್ಲೇ ಇದ್ದುದರಿಂದ ಅವರ ಕಡೆ ದೊಡ್ಡ ಗುಂಪಿತ್ತು. ಒಂದೊಂದು ರೈಡಿಗೂ ಆ ಗುಂಪು ಕೂಗುವಾಗ ನಮ್ಮ ರೈಡರ್ ಲೈನ್ ಮುಟ್ಟುವ ಮೊದಲೇ ಅರ್ಧ ಸೋತಿರುತ್ತಿದ್ದ. ಆ ಎರಡು ದಿನದಷ್ಟು ಬೇಸರ ನನಗೆ ಯಾವ ಐಪಿಎಲ್ ಫೈನಲ್‌ನಲ್ಲೂ ಆಗಿಲ್ಲ.

ಬೆಟ್ಟದ ಕಾಲೇಜಿನ ತಂಡ ಸೋಲುವುದು ಮೈದಾನಕ್ಕೆ ಇಳಿಯುವ ಮೊದಲೇ ಎನ್ನುವುದು ಇಲ್ಲಿ ಓದಿದವರಿಗೆಲ್ಲ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಂಗಳ ಕೆಸರುಗದ್ದೆ. ಮಳೆ ಬಿಡುವ ಹೊತ್ತಿಗೆ ಪಂದ್ಯಗಳ ಪಟ್ಟಿ ಬಂದಿರುತ್ತದೆ. ಹಾಸನದ ಹುಡುಗ ಕ್ಲಾಸು ಮುಗಿಸಿ ಸಂಜೆ ಆರೂವರೆಯವರೆಗೆ ಅಭ್ಯಾಸ ಮಾಡಬಲ್ಲ. ಹೆತ್ತೂರಿನ ಕಡೆಯ ಹುಡುಗನಿಗೆ ಆ ಹೊತ್ತಿಗೆ ಬಸ್ಸಿಲ್ಲ. ಬಸ್ಸು ಇಳಿದ ಮೇಲೆ ಮನೆಗೆ ತೋಟದ ದಾರಿ, ಆ ದಾರಿಯಲ್ಲಿ ಆನೆ. ಅರಣ್ಯ ಇಲಾಖೆ ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುವಂಥ ಪ್ರದೇಶ ಇದು. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತದ್ದು ಇದೇ ಯಸಳೂರಿನ ಕಾಡಿನಲ್ಲಿ. ಹೀಗಿರುವಾಗ ಯಾವ ತಾಯಿ ತಾನೇ ಮಗಳನ್ನು ಥ್ರೋಬಾಲ್ ಅಭ್ಯಾಸಕ್ಕೆಂದು ಕತ್ತಲಾಗುವ ತನಕ ಬಿಡುತ್ತಾಳೆ? ಊಟದ ಬಿಡುವಿನ ಅರ್ಧ ಗಂಟೆಯೇ ಅಭ್ಯಾಸ. ಹಣ್ಣು ಕುಯ್ಲು ಶುರುವಾದ ಮೇಲೆ ಕಾಲೇಜಿಗೆ ಬರುವುದೇ ಕಷ್ಟವಾಗುವ ಮಕ್ಕಳೂ ಇದ್ದಾರೆ; ರಜೆಯ ದಿನದ ಕೂಲಿ ಅವರ ಫೀಸು. ಅಂಥ ಹುಡುಗ ಭಾನುವಾರದ ಕೂಲಿ ಬಿಟ್ಟು ಪಂದ್ಯಕ್ಕೆ ಬಂದಿರುತ್ತಾನೆ. ಸೋಮವಾರ ಕಾಲೇಜಿಗೆ ಬಂದರೆ ಗೆಳೆಯರು ಕೇಳುವುದು ‘ಏನ್ರೋ, ಸೋತ್ರಂತೆ?’ ಎಂದು. ಅದನ್ನು ಕೇಳುವವರಲ್ಲಿ ಪಂದ್ಯ ನೋಡಲು ಬಂದವರು ಒಬ್ಬರೂ ಇರುವುದಿಲ್ಲ.

ಯಸಳೂರು ದಾಟಿ ಕೊಡ್ಲಿಪೇಟೆಗೆ ಹೋದರೆ ಕೊಡಗು. ಅಲ್ಲೂ ಇದೇ ಮಳೆ, ಇದೇ ಕಾಫಿ, ಇದೇ ಆನೆ. ಆದರೆ 1997ರಲ್ಲಿ ಕರಡದಲ್ಲಿ ಪಾಂಡಂಡ ಮನೆತನದವರು 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳನ್ನು ತಲುಪಿ ಗಿನ್ನೆಸ್ ದಾಖಲೆ ಸೇರಿತು. 360 ತಂಡ ಆಡಿದರೆ ಕಪ್ ಒಂದಕ್ಕೆ. ಉಳಿದ 359 ತಂಡಗಳು ಸೋತೇ ಮನೆಗೆ ಹೋಗಬೇಕು, ಹೋದವು, ಮರುವರ್ಷ ಮತ್ತೆ ಬರುತ್ತವೆ. ಬರುವುದು ಏಕೆಂದರೆ ಅಜ್ಜಿ, ಮಾವ, ಸೊಸೆ ಎಲ್ಲರೂ ಮೈದಾನದ ಸುತ್ತ ಕೂತಿರುತ್ತಾರೆ, ಕೆಲವು ತಂಡಗಳಲ್ಲಿ ಅವರೇ ಆಡುತ್ತಾರೆ. ನೋಡುವವರ ಮುಂದೆ ಸೋತವನು ಮತ್ತೆ ಬರುತ್ತಾನೆ. ಯಾರೂ ನೋಡದೆ ಸೋತವನು ಬಹಳ ಸಲ ಆಟವನ್ನೇ ಬಿಡುತ್ತಾನೆ. ನಮ್ಮ ಬೆಟ್ಟದ ಕಾಲೇಜುಗಳಲ್ಲಿ ಪದವಿಯ ಮೊದಲ ವರ್ಷ ತಂಡದಲ್ಲಿದ್ದು ಮೂರನೆಯ ವರ್ಷ ಇಲ್ಲದ ಎಷ್ಟೋ ಮಕ್ಕಳನ್ನು ಕಂಡು ಈ ಮಾತು ಹೇಳುತ್ತಿದ್ದೇನೆ.

ಅದೇ ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತ ಹಾಕಿ ತಂಡದಲ್ಲಿದ್ದರು. ಆ ತಂಡ ಆಡಿದ ಆರೂ ಪಂದ್ಯ ಸೋತು 12 ತಂಡಗಳಲ್ಲಿ 12ನೆಯದಾಯಿತು. ಕೊನೆಯ ಸೋಲು ದಕ್ಷಿಣ ಆಫ್ರಿಕಾಕ್ಕೆ 3-2ರಿಂದ, ಆಗಸ್ಟ್ 11ರ ಶನಿವಾರ. ಎರಡು ವರ್ಷದ ನಂತರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಸುನಿಲ್ ಇದ್ದರು. ಕೊನೆಯ ಸ್ಥಾನದಿಂದ ಬಂದವನನ್ನು ಊರು ಕೈಬಿಡಲಿಲ್ಲ.

ನಮ್ಮ ಕಡೆ ಆಗಬೇಕಾದದ್ದು ದೊಡ್ಡದೇನಲ್ಲ. ಹಾಸನಕ್ಕೇ ವಿಶ್ವವಿದ್ಯಾಲಯ ಬಂದ ಮೇಲೆ ಪಂದ್ಯಕ್ಕೆಂದು ಮೈಸೂರಿನವರೆಗೆ ಹೋಗಿ ಒಂದೇ ದಿನದಲ್ಲಿ ವಾಪಸಾಗುವ ದಣಿವು ತಪ್ಪಬೇಕು. ಅಂತರಕಾಲೇಜು ಪಂದ್ಯಗಳಲ್ಲಿ ಒಂದೆರಡನ್ನಾದರೂ ಸಕಲೇಶಪುರದಲ್ಲಿ, ಆಲೂರಿನಲ್ಲಿ ಇಡಬೇಕು. ಸಣ್ಣ ಕಾಲೇಜುಗಳಿಗೆ ನಾಕೌಟ್ ಬದಲು ಲೀಗ್ ಹಂತ ಕೊಟ್ಟರೆ ಸೋತ ತಂಡಕ್ಕೂ ಎರಡು ಮೂರು ಪಂದ್ಯ ಸಿಗುತ್ತದೆ. ಅಭ್ಯಾಸವಿರುವ ಎರಡು ತಿಂಗಳು ಸಂಜೆಯ ಬಸ್ಸನ್ನು ಒಂದು ಗಂಟೆ ತಡವಾಗಿ ಬಿಡಿ ಎಂದು ಡಿಪೊಗೆ ಕೇಳುವುದು ಪ್ರಾಂಶುಪಾಲರಿಗೂ ಊರಿನ ಪ್ರಮುಖರಿಗೂ ಕಷ್ಟದ ಕೆಲಸವಲ್ಲ. ತೋಟದ ಜೀಪು ಇರುವ ಹಳೆಯ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ವಾರಕ್ಕೊಂದು ಸಂಜೆ ನಾಲ್ಕು ಹುಡುಗಿಯರನ್ನು ಮನೆ ಬಾಗಿಲಿಗೆ ಬಿಟ್ಟುಬಂದರೆ ಒಂದು ಥ್ರೋಬಾಲ್ ತಂಡ ಉಳಿಯುತ್ತದೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಹತ್ತಾರು ಸಾವಿರ ಬಹುಮಾನ ಕೊಡುವ ದಾನಿಗಳು ನಮ್ಮಲ್ಲಿದ್ದಾರೆ. ಅದರಲ್ಲಿ ಸ್ವಲ್ಪ ಪಾಲು ಕಾಲೇಜು ತಂಡದ ಮ್ಯಾಟಿಗೆ, ಶೂಗೆ, ಪಂದ್ಯದ ದಿನದ ಊಟಕ್ಕೆ ಹೋಗಲಿ.

ಐಪಿಎಲ್ ನೋಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾನೂ ನೋಡುತ್ತೇನೆ, ಸೋತರೆ ನನಗೂ ನಿದ್ದೆ ಬರುವುದಿಲ್ಲ. ಆದರೆ ನಿಮ್ಮ ಕೂಗು ಜೋಹಾನ್ಸ್‌ಬರ್ಗಿಗೂ ಅಹಮದಾಬಾದಿಗೂ ಕೇಳುವುದಿಲ್ಲ, ಕಾಲೇಜಿನ ಅಂಗಳದಲ್ಲಿ ಕೇಳುತ್ತದೆ. ಮಳೆ ಬಿಟ್ಟ ಮೇಲೆ ನಿಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಒಂದು ಫೋನ್ ಮಾಡಿ, ಹುಡುಗರ ಪಂದ್ಯ ಯಾವತ್ತು, ಹುಡುಗಿಯರದು ಯಾವತ್ತು, ಎಲ್ಲಿ ಎಂದು ಕೇಳಿಟ್ಟುಕೊಳ್ಳಿ. ಆ ಶನಿವಾರವನ್ನೋ ಭಾನುವಾರವನ್ನೋ ಅವರಿಗೆ ಕೊಡಿ. ಪಂದ್ಯ ಮುಗಿಯುವ ತನಕ ನಿಲ್ಲಿ. ಸೋತರೆ ಆ ಮಕ್ಕಳ ಜೊತೆ ಕೂತು ಊಟ ಮಾಡಿಕೊಂಡೇ ಮನೆಗೆ ಬನ್ನಿ.